ಮೆಂಗ್ ರಾಣಿಯ ಕೂದಲ ಸಂಚಿ

ಒಳಗೆ ಯಾರೋ ತಲೆ ಬಾಚಿಕೊಳ್ಳುತ್ತಿದ್ದರು.

ಫಾನ್ ದೇಯಿನ್ ಬಾಗಿಲಿಗೆ ಕಿವಿಯಾನಿಸಿ ನಿಂತಿದ್ದಳು. ಎರಡು ಕದಗಳನ್ನೂ ಕೂಡಿಸಿ ಅಂಟಿಸಿದ್ದ ಹಳದಿ ಕಾಗದದ ಮುದ್ರೆ ಅವಳ ಕೆನ್ನೆಯ ಪಕ್ಕದಲ್ಲೇ ಇತ್ತು. ಅಂಚು ಎದ್ದಿರಲಿಲ್ಲ, ಅಂಟು ಬಿಟ್ಟಿರಲಿಲ್ಲ. ನಿನ್ನೆ ಅವಳೇ ಕೈಯಾರೆ ಒತ್ತಿದ ಮುದ್ರೆ ಅದು. ಕೋಣೆಯ ಒಡತಿ ಮೆಂಗ್ ರಾಣಿ ತೀರಿಕೊಂಡಿದ್ದಳು. ಅವಳ ಶವಪೆಟ್ಟಿಗೆ ಅರಮನೆಯ ಹಿಂದಿನ ಗುಡ್ಡದ ಮಂಟಪದಲ್ಲಿತ್ತು. ಜೋಯಿಸರು ಸಮಾಧಿಗೆ ಒಳ್ಳೆಯ ದಿನ ಹುಡುಕುತ್ತಿದ್ದರು.

ಆದರೂ ಬಾಚಣಿಗೆ ಓಡುತ್ತಿತ್ತು. ಮೇಲಿನಿಂದ ಕೆಳಕ್ಕೆ, ನಿಧಾನವಾಗಿ. ಒಂದಿಷ್ಟು ನಿಂತು, ಮತ್ತೆ ಮೇಲಿನಿಂದ ಕೆಳಕ್ಕೆ.

ಅಂಗಳದ ಹಾಸುಗಲ್ಲಿನ ಮೇಲೆ ಬೆಳಗಿನ ಬಿಸಿಲು ಆಗಲೇ ಹರಡಿತ್ತು. ಕಸ ಗುಡಿಸುವ ಹೆಂಗಸರು ಈ ಬಾಗಿಲಿನ ಮುಂದೆ ಮಾತ್ರ ಪೊರಕೆಯೆತ್ತಿಕೊಂಡು ದೂರದಿಂದ ಹೋಗುತ್ತಿದ್ದರು. ಹಾಗೆ ಹೋಗುತ್ತಿದ್ದವರಲ್ಲಿ ಒಬ್ಬಳೇ, ಕೆಲವು ದಿನಗಳ ಹಿಂದೆ, ಕಿಟಕಿಯ ಹರಿದ ಕಾಗದದ ಸಂದಿನಿಂದ ಇಣುಕಿ, ಸತ್ತವಳ ಬಾಚಣಿಗೆಯಲ್ಲಿ ಕೂದಲು ತೊಡರಿಕೊಂಡಿದ್ದನ್ನು ಕಂಡು ಜ್ವರ ಬಂದು ಮಲಗಿದವಳು. ಫಾನ್ ದೇಯಿನ್ ನಿನ್ನೆ ಮುದ್ರೆ ಒಡೆದು, ಆ ಕೂದಲನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಹೊಸ ಮುದ್ರೆ ಒತ್ತಿ ಬಂದಿದ್ದಳು. ಇಂದು ಮತ್ತೆ ಈ ಸದ್ದು.

ಅಂತಃಪುರದ ಹೆಂಗಸರ ತಪ್ಪು ಒಪ್ಪು ವಿಚಾರಿಸುವ ಅಧಿಕಾರ ಅವಳದು. ಎದುರಿಗೆ ಎಲ್ಲರೂ ವಿಚಾರಣೆಯಮ್ಮ ಎನ್ನುತ್ತಿದ್ದರು. ಬೆನ್ನ ಹಿಂದೆ, ಮಾತು ಕಡಿಮೆಯೆಂದು, ಮೂಗಿ ಎನ್ನುತ್ತಿದ್ದರು. ಅಪ್ಪ ಬೆಳಗಿನ ಜಾವ ಸೂತ್ರ ಹೇಳುವುದನ್ನು ಕಂಬಳಿಯೊಳಗಿನಿಂದ ಕೇಳುತ್ತಾ ಬೆಳೆದವಳು ಅವಳು. ಯಾವ ಅಕ್ಷರದಲ್ಲಿ ಅಪ್ಪನಿಗೆ ಉಸಿರು ಸಾಲದೆ ಹೋಯಿತೆಂದು ಕಣ್ಣು ತೆರೆಯದೆಯೇ ಹೇಳುತ್ತಿದ್ದಳು.

ಈಗಲೂ ಕಣ್ಣು ಮುಚ್ಚಿ ಕೇಳಿದಳು.

ತುಂಬುಗೂದಲಿನಲ್ಲಿ ಬಾಚಣಿಗೆಯ ಸದ್ದು ಮುಳುಗಿಹೋಗುತ್ತದೆ. ಇಲ್ಲಿ ಒಂದೊಂದು ಹಲ್ಲೂ ಬೇರೆ ಬೇರೆಯಾಗಿ, ಒಣಗಿದ ಹುಲ್ಲಿನ ಮೇಲೆ ಎಳೆದಂತೆ ಕೇಳಿಸುತ್ತಿತ್ತು. ಬಾಚಿಕೊಳ್ಳುತ್ತಿರುವವರು ಯಾರೇ ಇರಲಿ, ಅವರ ತಲೆಯಲ್ಲಿ ಕೂದಲು ಹೆಚ್ಚು ಉಳಿದಿಲ್ಲ.

ನಡುವೆ ಉಸಿರೆಳೆದುಕೊಂಡ ಸದ್ದು. ನೋವಾದಾಗ ಬರುವಂಥದು.

ಸತ್ತವರಿಗೆ ನೋವಾಗುತ್ತದೆಯೇ ಎಂದು ಫಾನ್ ದೇಯಿನ್ ತನ್ನನ್ನೇ ಕೇಳಿಕೊಂಡಳು. ಆಗಬಹುದು, ಎಂದು ಅವಳ ಅಪ್ಪ ಹೇಳುತ್ತಿದ್ದರು. ಆದರೆ ಇಂದು ಅವಳಿಗೆ ಸತ್ತವಳಿಗಿಂತ ಬದುಕಿರುವ ಒಬ್ಬಳ ಚಿಂತೆ ಹೆಚ್ಚಾಗಿತ್ತು. ಸಂಜೆಯ ನಗಾರಿ ಬಾರಿಸುವ ಹೊತ್ತಿಗೆ ಸಾಂಗ್‌ಯೆಯ ಕೊರಳಿಗೆ ರೇಷ್ಮೆಯ ಹಗ್ಗ ಬೀಳುವುದಿತ್ತು.

ಸಾಂಗ್‌ಯೆ ಮೆಂಗ್ ರಾಣಿಯ ತಲೆ ಬಾಚುತ್ತಿದ್ದ ಹುಡುಗಿ. ತಂದೆತಾಯಿ ಕೊಟ್ಟ ಮೈಯನ್ನು ಕುಂದಿಲ್ಲದೆ ಮಣ್ಣಿಗೆ ಒಪ್ಪಿಸಬೇಕೆಂದು ಇಲ್ಲಿ ಯಾರೂ ಉದುರಿದ ಕೂದಲನ್ನು ಎಸೆಯುವುದಿಲ್ಲ. ಎಳೆ ಎಳೆಯಾಗಿ ಸುತ್ತಿ ಸಂಚಿಯಲ್ಲಿಟ್ಟು, ಕೊನೆಗೆ ಶವದ ತಲೆದಿಂಬಿನ ಪಕ್ಕ ಇಡುತ್ತಾರೆ. ಮೆಂಗ್ ರಾಣಿಯ ಪೆಟ್ಟಿಗೆಯಲ್ಲಿ ಸಂಚಿ ಇರಲಿಲ್ಲ. ಮಾಟಗಾರನಿಗೆ ಮಾರಿಕೊಂಡಿದ್ದಾಳೆಂದು ಸಾಂಗ್‌ಯೆಯ ಮೇಲೆ ದೂರು ಬಂತು. ರಾಣಿ ತನ್ನ ಕೂದಲನ್ನು ಹುಡುಕಿಕೊಂಡು ಬರುತ್ತಿದ್ದಾಳೆ, ಕದ್ದವಳು ಸತ್ತ ಹೊರತು ಅವಳಿಗೆ ಶಾಂತಿಯಿಲ್ಲ, ಎಂದು ಅರಮನೆಯೆಲ್ಲ ಒಂದೇ ಬಾಯಿ.

ಬಟ್ಟೆ ಒಗೆಯುವ ಅಂಗಳದ ಹಿಂದಿನ ಕತ್ತಲ ಕೋಣೆಯಲ್ಲಿ ಕೊರಳಿಗೆ ಹಲಗೆ ಹಾಕಿ ಕೂರಿಸಿದ್ದ ಹುಡುಗಿಯನ್ನು ಫಾನ್ ದೇಯಿನ್ ನಿನ್ನೆ ಕಂಡು ಬಂದಿದ್ದಳು. ಅವಳು ಅತ್ತಿರಲಿಲ್ಲ. ಅತ್ತರೆ ಮೂಗು ಒರೆಸಿಕೊಳ್ಳಲು ಕೈ ಎಟುಕುವುದಿಲ್ಲವೆಂದು ಹೇಳಿ ನಕ್ಕಿದ್ದಳು. ಆಮೇಲೆ ನಗು ನಿಲ್ಲಿಸಿ ಹೇಳಿದ್ದಳು:

"ಕದಿಯೋಳಾಗಿದ್ರೆ ಚಿನ್ನದ ಮುಡಿಕಡ್ಡಿ ಕದೀತಿದ್ದೆ ಅಮ್ಮ. ಎಲ್ಲಾ ನನ್ನ ಕೈಯಲ್ಲೇ ಇತ್ತಲ್ಲ. ಉದುರಿದ ಕೂದ್ಲು ಕದ್ದು ಏನು ಮಾಡ್ಲಿ? ಕೊನೇ ತಿಂಗಳುಗಳಲ್ಲಂತೂ ಬಾಚಣಿಗೆ ಇಟ್ರೆ ಹಿಡಿ ಹಿಡಿ ಬರ್ತಿತ್ತು. ಒಂದು ಸಂಚಿ ಸಾಲ್ದೆ ಇನ್ನೊಂದು ಹೊಲಿದೆ. ಇದನ್ನ ಎಲ್ಲರ ಮುಂದೂ ಹೇಳಿದೀನಿ. ಯಾರೂ ಯಾಕೆ ಅಂತ ಕೇಳ್ಲಿಲ್ಲ."

ಫಾನ್ ದೇಯಿನ್ ಇಡೀ ರಾತ್ರಿ ಆ ಯಾಕೆಯನ್ನು ಮಗ್ಗುಲಲ್ಲಿಟ್ಟುಕೊಂಡು ಮಲಗಿದ್ದಳು.

ಬಾಚಣಿಗೆಯ ಸದ್ದು ನಿಂತಿತು. ಬಟ್ಟೆ ಸರಿದಾಡಿತು. ಮರದ ಕೀಲೊಂದು ಮೆಲ್ಲಗೆ ನರಳಿತು.

ಕೀಲು! ದೆವ್ವಕ್ಕೆ ಬಾಗಿಲೇಕೆ?

ಕಿಟಕಿಗಳಿಗೆ ಮುದ್ರೆ ಇತ್ತು, ಮುಂಬಾಗಿಲಿಗೆ ಇತ್ತು. ಉಳಿದದ್ದು ಕೋಣೆಯ ಹಿಂದಿನ ಪರದೆಯ ಆಚೆಗಿದ್ದ ಪೂಜೆಯ ಮನೆ. ಅಲ್ಲಿ ಗ್ವಾನ್‌ಯಿನ್ ತಾಯಿಯ ಬಿಳಿಯ ವಿಗ್ರಹವಿತ್ತು. ನಿನ್ನೆ ಅಂಟಿನ ಬಟ್ಟಲು ಹಿಡಿದುಕೊಂಡು ಆ ಬಾಗಿಲಿನವರೆಗೂ ಹೋದ ಫಾನ್ ದೇಯಿನ್, ಕರುಣೆಯ ತಾಯಿಯನ್ನು ಕೈದಿಯ ಹಾಗೆ ಕೂಡಿಹಾಕಲು ಮನಸ್ಸು ಬಾರದೆ, ನಮಸ್ಕರಿಸಿ ಹಿಂದಕ್ಕೆ ಬಂದಿದ್ದಳು. ಅವಳಿಗಿಂತ ಮೊದಲು ಶೋಧಕ್ಕೆ ಬಂದವರೂ ಹಾಗೆಯೇ ಮಾಡಿದ್ದರು. ಆ ಪೂಜೆಯ ಮನೆಗೆ ಎರಡು ಬಾಗಿಲು. ಒಂದು ಸತ್ತ ರಾಣಿಯ ಕೋಣೆಗೆ. ಇನ್ನೊಂದು, ಅದೇ ಅಂಗಳದ ಇನ್ನೊಂದು ಪಕ್ಕದಲ್ಲಿ ವಾಸವಾಗಿದ್ದ ಯಾನ್ ರಾಣಿಯ ಕೋಣೆಗೆ.

ಅವಳು ಮುದ್ರೆಯನ್ನು ಉಗುರಿನಿಂದ ಸೀಳಿ ಒಳಗೆ ಹೋದಳು.

ಕನ್ನಡಿಯ ಮುಂದೆ ಬಾಚಣಿಗೆ ಇತ್ತು. ಹಲ್ಲುಗಳ ನಡುವೆ ಉದ್ದನೆಯ ಕಪ್ಪು ಕೂದಲಿನ ಗುಚ್ಛ. ಒಂದೆಳೆಯನ್ನು ಬೆಳಕಿಗೆ ಹಿಡಿದಳು. ತುಂಡಾದದ್ದಲ್ಲ, ಬುಡಸಮೇತ ಬಂದದ್ದು. ಕುಳಿತುಕೊಳ್ಳುವ ಮಣೆಯ ಮೇಲೆ ಅಂಗೈ ಇಟ್ಟಳು.

ಬೆಚ್ಚಗಿತ್ತು.

ಪೂಜೆಯ ಮನೆಯಲ್ಲಿ ಧೂಪದ ಕಡ್ಡಿಯ ಬೂದಿ ಇನ್ನೂ ಬಾಗಿಕೊಂಡೇ ಇತ್ತು, ಬಿದ್ದಿರಲಿಲ್ಲ. ಅವಳು ತಾಯಿಯ ಮುಂದೆ ತಲೆಬಾಗಿಸಿ, ಅಪ್ಪಣೆ ಕೇಳಿ, ಆಚೆಯ ಬಾಗಿಲನ್ನು ತಳ್ಳಿದಳು.

ಯಾನ್ ರಾಣಿ ಹೊರಗಿನ ಅಂಗಳ ಕಾಣುವಂತೆ ಕಿಟಕಿಯ ಬಳಿ ಕುಳಿತಿದ್ದಳು. ಮುಡಿ ಎತ್ತರಕ್ಕೆ ಕಟ್ಟಿತ್ತು, ಕಪ್ಪು ಜಾಲರಿಯ ಕುಲಾವಿಯೊಳಗೆ ಅಚ್ಚುಕಟ್ಟಾಗಿ ಸೇರಿತ್ತು. ಗಡಿಯ ಕೋಟೆಯೊಂದರ ಕುದುರೆ ಸವಾರನ ಮಗಳು. ಅರಮನೆಗೆ ಬಂದ ಮೇಲೂ ನಾಲಿಗೆ ಮಾತ್ರ ಕುದುರೆಲಾಯದ್ದೇ ಎಂದು ಜನ ಆಡಿಕೊಳ್ಳುತ್ತಿದ್ದರು. ಮೆಂಗ್ ರಾಣಿಯ ಮಗನನ್ನು, ದೊರೆಯ ಒಬ್ಬನೇ ಗಂಡುಮಗನನ್ನು, ಈಗ ಸಾಕುತ್ತಿದ್ದವಳು ಅವಳೇ. ಸಾವಿನಿಂದ ಲಾಭವಾದದ್ದು ಯಾರಿಗೆ ಎಂದು ಲೆಕ್ಕ ಹಾಕುವವರೆಲ್ಲ ಮೊದಲು ಅವಳ ಕಡೆ ನೋಡುತ್ತಿದ್ದರು. ಫಾನ್ ದೇಯಿನ್ ಕೂಡ ನೋಡಿದ್ದಳು.

"ದೆವ್ವ ಹಿಡಿಯೋಕೆ ಬಂದ್ರಾ ಫಾನಮ್ಮ? ಸಿಕ್ಕಿದ್ರೆ ನನಗೂ ಒಂದ್ಸಲ ತೋರ್ಸಿ."

"ಸಿಕ್ತು," ಎಂದಳು ಫಾನ್ ದೇಯಿನ್. "ಕೂತ ಮಣೆ ಇನ್ನೂ ಆರಿಲ್ಲ."

ಯಾನ್ ರಾಣಿ ನಗಲಿಲ್ಲ. ಎದ್ದು ಹೊರಬಾಗಿಲಿನ ಪರದೆ ಎಳೆದಳು. ತನ್ನ ದಾಸಿಯರನ್ನು ಚಹಾ ಎಲೆ ಬಿಸಿಲಿಗೆ ಹಾಕಲು ಕಳಿಸಿದಳು. ಫಾನ್ ದೇಯಿನ್ ನಿಂತೇ ಇದ್ದಳು. ಸತ್ತವಳ ಬಾಚಣಿಗೆಗೆ ದಿನಾ ಕೂದಲು ಸಿಕ್ಕಿಸಿ ದೆವ್ವದ ಗುಲ್ಲೆಬ್ಬಿಸಿ, ಒಬ್ಬ ಬಡ ಹುಡುಗಿಯನ್ನು ಹಗ್ಗಕ್ಕೆ ಕೊಡುತ್ತಿರುವುದು ಏಕೆಂದು ನೇರವಾಗಿ ಕೇಳಿದಳು. ಸಂಚಿ ಎಲ್ಲಿದೆ ಎಂದೂ ಕೇಳಿದಳು. ಸಂಜೆಯೊಳಗೆ ಉತ್ತರ ಬೇಕು, ಉತ್ತರವಿಲ್ಲದಿದ್ದರೆ ಈಗಲೇ ಈ ಕೋಣೆಯ ಪೆಟ್ಟಿಗೆಗಳನ್ನು ಮಗುಚಬೇಕಾಗುತ್ತದೆ, ಎಂದಳು.

ಉತ್ತರಕ್ಕೆ ಬದಲು ಯಾನ್ ರಾಣಿ ಎರಡೂ ಕೈ ಮೇಲೆತ್ತಿ ಮುಡಿಕಡ್ಡಿ ಎಳೆದಳು. ಕುಲಾವಿಯನ್ನು ತೆಗೆದಳು. ಅದರೊಂದಿಗೆ ಮುಡಿಯೂ ಬಂತು.

ಅದು ಚೌರಿ.

ಕೆಳಗಿನ ತಲೆಯಲ್ಲಿ ಅಲ್ಲೊಂದು ಇಲ್ಲೊಂದು ಉದ್ದನೆಯ ಎಳೆಗಳು, ನಡುವೆ ಬೋಳು ಚರ್ಮ. ಕಿವಿಯ ಮೇಲ್ಗಡೆ ಬಾಚಣಿಗೆ ಹಾಯ್ದ ಕೆಂಪು ಗೆರೆಗಳು ಇನ್ನೂ ಹಸಿಯಾಗಿದ್ದವು. ಅರಮನೆಯಲ್ಲೆಲ್ಲ ಚೆಲುವೆಯೆಂದು ಹೆಸರಾದ ಹೆಣ್ಣು, ಹೆತ್ತವರ ಮನೆಯ ಅಟ್ಟದಲ್ಲಿ ಮರೆತುಹೋದ ಗೊಂಬೆಯ ಹಾಗೆ ಕಾಣುತ್ತಿದ್ದಳು.

"ನೋಡ್ಕೊಳ್ಳಿ," ಎಂದಳು. "ಚೆನ್ನಾಗಿ ನೋಡಿದ ಮೇಲೆ ಮಾತಾಡೋಣ."

ಫಾನ್ ದೇಯಿನ್‌ಗೆ ಕೂರಬೇಕೆನ್ನಿಸಿತು. ಕುಳಿತಳು.

ಯಾನ್ ರಾಣಿ ಹೇಳುತ್ತಾ ಹೋದಳು; ಸ್ವರದಲ್ಲಿ ಏರಿಳಿತವಿರಲಿಲ್ಲ. ಅವಳ ತಲೆ ಬಾಚುವ ದಾಸಿಯನ್ನು ನೇಮಿಸಿದ್ದು ರಾಜಮಾತೆಯ ಅರಮನೆ. ಇಲ್ಲಿ ಬೆಳಿಗ್ಗೆ ಉದುರಿದ್ದು ಊಟದ ಹೊತ್ತಿಗೆ ಅಲ್ಲಿ ಗೊತ್ತಾಗುತ್ತದೆ. ರೋಗ ಹಿಡಿದ ರಾಣಿಯ ಬಳಿ ದೊರೆಯ ಮಗನನ್ನು ಬಿಡುವ ಪದ್ಧತಿಯಿಲ್ಲ. ಗೊತ್ತಾದ ದಿನವೇ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದಕ್ಕೇ ಅಕ್ಕನೆಂದು ಕರೆಯುತ್ತಿದ್ದ ಮೆಂಗ್ ರಾಣಿಯ ನೆನಪಿಗೆ ತಾನೇ ಮುಡಿ ಕಟ್ಟಿಕೊಳ್ಳುತ್ತೇನೆಂದು ಹರಕೆಯ ನೆಪ ಹೇಳಿ ದಾಸಿಯನ್ನು ದೂರವಿಟ್ಟಳು. ಉದುರಿದ್ದನ್ನು ತನ್ನ ಸಂಚಿಗೆ ಹಾಕಿದರೆ ಸಂಚಿ ಉಬ್ಬುವುದು ಕಾಣುತ್ತದೆ. ಸುಡುವುದು ಹೆತ್ತವರಿಗೆ ಮಾಡುವ ದ್ರೋಹ, ಜೊತೆಗೆ ನಾತ.

"ಸತ್ತವಳ ಬಾಚಣಿಗೆ ಮುಟ್ಟೋ ಧೈರ್ಯ ಈ ಮನೇಲಿ ಯಾರಿಗಿದೆ ಹೇಳಿ," ಎಂದಳು. "ನಿಮ್ಮನ್ನ ಬಿಟ್ಟು."

ನಂತರ ದನಿ ತಗ್ಗಿಸಿದಳು.

"ಒಂದು ಮಾತ್ರ ಹೇಳ್ಬೇಕು. ಮೊದಲನೇ ದಿನ ನಾನು ಅಲ್ಲಿಗೆ ಹೋಗಿದ್ದು ತಲೆ ಬಾಚೋಕಲ್ಲ. ಅಳೋಕೆ ಜಾಗ ಬೇಕಾಗಿತ್ತು. ಅಕ್ಕ ಹೋದ ದಿನ ಆ ಬಾಚಣಿಗೇನ ತೊಳೆದು ಒರೆಸಿಟ್ಟಿದ್ದವಳು ನಾನೇ. ಹೋಗಿ ನೋಡಿದ್ರೆ ಅದರಲ್ಲಿ ಕೂದಲಿತ್ತು ಫಾನಮ್ಮ. ಒದ್ದೆ ಕೂದಲು. ಅವಳು ಹಚ್ಕೋತಿದ್ದ ಗುಯಿಹೂವಿನ ಎಣ್ಣೆ ವಾಸನೆ."

"ನಿಮ್ಮದಲ್ಲವಾ?"

"ನಾನು ಸಾಸಿವೆ ಎಣ್ಣೆಯವಳು. ಕುದುರೆಗೂ ಅದೇ, ನಮಗೂ ಅದೇ."

ಪೂಜೆಯ ಮನೆಯ ಬಾಗಿಲು ತಾನಾಗಿ ಒಂದಿಷ್ಟು ಸರಿಯಿತು. ಗಾಳಿ ಇರಬೇಕು. ಇಬ್ಬರೂ ಅತ್ತ ನೋಡಲಿಲ್ಲ.

ಸಂಚಿಯ ವಿಷಯ ಬಂದಾಗ ಯಾನ್ ರಾಣಿ ತಡವರಿಸಿದಳು. ಶವಕ್ಕೆ ಸ್ನಾನ ಮಾಡಿಸುವ ದಿನ ರಾಜಮಾತೆಯ ಅಂತಃಪುರ ಕಾಯುವ ಹಿರಿಯ ಕಂಚುಕಿ ಲೂ ತಾನೇ ಬಂದು ಎಲ್ಲರನ್ನೂ ಹೊರಗೆ ಕಳಿಸಿದ. ಪೂಜೆಯ ಮನೆಯ ಸಂದಿನಿಂದ ಅವಳು ನೋಡುತ್ತಿದ್ದಳು. ಎರಡೂ ಸಂಚಿಗಳನ್ನು ಅವನು ಕೈಯಲ್ಲಿ ತೂಗಿ ನೋಡಿದ, ಅಂಗಿಯ ಅಗಲ ತೋಳಿನೊಳಗೆ ಇಳಿಸಿಕೊಂಡ. ಸಾಂಗ್‌ಯೆಯ ಮೇಲೆ ದೂರು ಕೊಟ್ಟವನೂ ಅವನೇ. ಅದನ್ನು ಹೇಳಿದರೆ ಆ ಹೊತ್ತಿನಲ್ಲಿ ನೀನು ಅಲ್ಲಿ ಏನು ಮಾಡುತ್ತಿದ್ದೆ ಎನ್ನುತ್ತಾರೆ, ತಲೆ ಬಿಚ್ಚಿಸುತ್ತಾರೆ, ಮಗು ಹೋಗುತ್ತದೆ. ಹಾಗೆಂದು ಬಾಯಿ ಮುಚ್ಚಿಕೊಂಡಿದ್ದೆ ಎಂದು ಹೇಳಿ, ಅವಳು ಚೌರಿಯನ್ನು ಮಡಿಲಲ್ಲಿ ಬೆಕ್ಕಿನ ಮರಿಯಂತೆ ಸವರಿದಳು.

ಫಾನ್ ದೇಯಿನ್‌ಗೆ ಈಗ ಆ ಯಾಕೆ ಬಿಡಿಸಿಕೊಳ್ಳುತ್ತಾ ಬಂತು. ಉಬ್ಬಿದ ಎರಡು ಸಂಚಿಗಳನ್ನು ಪೆಟ್ಟಿಗೆಯಲ್ಲಿಟ್ಟರೆ, ಇಡುವ ಹೆಂಗಸರು ಎಳೆಯ ವಯಸ್ಸಿನ ರಾಣಿಗೆ ಇಷ್ಟೊಂದು ಉದುರಿತೇ ಎಂದು ಕೇಳಿಯೇ ಕೇಳುತ್ತಾರೆ. ವೈದ್ಯರ ಕಿವಿಗೂ ಬೀಳುತ್ತದೆ. ಬುಡಸಮೇತ, ಹಿಡಿಹಿಡಿಯಾಗಿ ಕೂದಲು ಉದುರಿಸುವ ವಸ್ತು ಯಾವುದೆಂದು ಔಷಧದ ಮನೆಯ ಎಲ್ಲರಿಗೂ ಗೊತ್ತು. ಇಲಿಗೆ ಇಡುವ ಬಿಳಿಯ ಪುಡಿ ಅದು.

ಒಬ್ಬಳು ಸತ್ತಿದ್ದಾಳೆ. ಇನ್ನೊಬ್ಬಳು ಸಾಯುತ್ತಿದ್ದಾಳೆ. ಇಬ್ಬರ ಹೊಟ್ಟೆಗೂ ಹೋದದ್ದು ಯಾವುದು?

ಏನೂ ಇಲ್ಲ, ಎಂದಳು ಯಾನ್ ರಾಣಿ. ಇಬ್ಬರ ಅಡಿಗೆ ಬೇರೆ, ನೀರು ಬೇರೆ. ಅಕ್ಕ ವ್ರತ ಹಿಡಿದು ಸೊಪ್ಪು ಕಾಳು ತಿನ್ನುವವಳು, ತನಗೆ ಕುರಿಮಾಂಸವಿಲ್ಲದೆ ತುತ್ತು ಇಳಿಯದು. ಬಡಿಸುವವರ ಮುಂದೆಯೇ ಬೆಳ್ಳಿಯ ಕಡ್ಡಿ ಅದ್ದಿ ನೋಡುತ್ತಾರೆ, ಒಬ್ಬ ಕಂಚುಕಿ ಮೊದಲು ತಿಂದು ನೋಡುತ್ತಾನೆ.

ಫಾನ್ ದೇಯಿನ್ ಕೋಣೆಯ ಸುತ್ತ ಕಣ್ಣಾಡಿಸಿದಳು. ಗೋಡೆಯ ಪಕ್ಕದ ಎತ್ತರದ ಪೀಠದ ಮೇಲೆ, ಹಳದಿ ರೇಷ್ಮೆಯ ಚೌಕದ ಮೇಲೆ, ತೊಳೆದು ಕವಿಚಿಟ್ಟ ಒಂದು ಬಟ್ಟಲು.

"ಅದು?"

"ಅದನ್ನ ಬಿಡಿ. ಅದು ಚಿಕ್ಕದೊರೆಯದು. ಅಜ್ಜಿ ದಿನಾ ಕಳಿಸೋ ತಾವರೆಬೀಜದ ಗಂಜಿ."

"ಅದನ್ನ ಯಾರು ತಿಂದು ನೋಡ್ತಾರೆ?"

ಯಾನ್ ರಾಣಿ ಅವಳನ್ನು ವಿಚಿತ್ರವಾಗಿ ನೋಡಿದಳು. ರಾಜಮಾತೆ ಪ್ರೀತಿಯಿಂದ ಕಳಿಸಿದ್ದನ್ನು ಪರೀಕ್ಷೆ ಮಾಡುವವರುಂಟೇ? ಅದು ಪ್ರಸಾದಕ್ಕೆ ಸಮ. ಅವಳ ಅರಮನೆಯ ದಿಕ್ಕಿಗೆ ಮಂಡಿಯೂರಿ ಉಣ್ಣಬೇಕು, ಬಟ್ಟಲನ್ನು ಬರಿದು ಮಾಡಿ ತೊಳೆದು ಕಳಿಸಬೇಕು. ಒಂದು ಅಗುಳು ಉಳಿದರೂ ಅವಮರ್ಯಾದೆ. ಫಾನ್ ದೇಯಿನ್ ಕೂಡ ಹಬ್ಬದ ದಿನಗಳಲ್ಲಿ ಹಾಗೆ ಮಂಡಿಯೂರಿ, ಕಣ್ಣಿಗೊತ್ತಿಕೊಂಡು ತಿಂದವಳೇ.

"ಮಗು ಪೂರ್ತಿ ತಿನ್ನುತ್ತಾ?"

"ಎಲ್ಲಿ ತಿನ್ನುತ್ತೆ. ಎರಡು ತುತ್ತಿಗೆ ಮುಖ ತಿರುಗಿಸ್ತಾನೆ. ಉಳಿದಿದ್ದನ್ನ ಅಕ್ಕ ತಿಂದು ಮುಗಿಸ್ತಿದ್ಲು. ಅವಳು ಹಾಸಿಗೆ ಹಿಡಿದ ಮೇಲೆ ನಾನು. ಈಗ ಸ್ವಲ್ಪ ದಿನದಿಂದ ನನಗೆ ಅದರ ವಾಸನೆ ಬಂದ್ರೇ ವಾಕರಿಕೆ. ಅದಕ್ಕೆ ಪೂರ್ತಿ ಅವನಿಗೇ ತಿನ್ನಿಸ್ತಿದೀನಿ. ಕಥೆ ಹೇಳಿ, ಗದರಿಸಿ, ಕೈ ಹಿಡ್ಕೊಂಡು…"

ಮಡಿಲಿನಿಂದ ಚೌರಿ ನೆಲಕ್ಕೆ ಜಾರಿತು. ಅವಳು ತನ್ನ ಬಲಗೈಯನ್ನು ಮುಖದ ಮುಂದೆ ಹಿಡಿದು, ಅದು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದಳು.

ಪಟ್ಟದರಾಣಿ ರಾಜಮಾತೆಯ ತಮ್ಮನ ಮಗಳು. ಅವಳೀಗ ತುಂಬು ಬಸುರಿ. ಈ ಎರಡು ಸಂಗತಿಗಳು ಅರಮನೆಯ ಬೆಕ್ಕುಗಳಿಗೂ ಗೊತ್ತಿದ್ದವು. ಆ ಎರಡರ ಪಕ್ಕ ಬಟ್ಟಲೊಂದನ್ನು ಇಟ್ಟು ಯಾರೂ ನೋಡಿರಲಿಲ್ಲ, ಅಷ್ಟೆ. ಯಾರ ಕೈ ಅದು? ರಾಜಮಾತೆಯದೇ, ಅಥವಾ ಅವಳ ಹೆಸರಿನಲ್ಲಿ ಬಟ್ಟಲು ಹೊತ್ತು ತರುವವನದೇ? ಫಾನ್ ದೇಯಿನ್‌ಗೆ ತಿಳಿಯಲಿಲ್ಲ. ಇಬ್ಬರು ರಾಣಿಯರಿಗೆ ಯಾರೂ ವಿಷ ಹಾಕಿರಲಿಲ್ಲ ಎಂಬುದು ಮಾತ್ರ ಈಗ ಅವಳಿಗೆ ತಿಳಿದಿತ್ತು. ಅವರಿಬ್ಬರೂ ಮಗುವಿನ ಪಾಲನ್ನು ತಿಂದು ತೀರಿಸುತ್ತಿದ್ದರು.

ಹೊರಗೆ ಅಂಗಳದಲ್ಲಿ ನೀರಿನ ಬೋಗುಣಿಯ ಸದ್ದಾಯಿತು. ರಾಜಕುಮಾರರ ತಲೆಯನ್ನು ಕೂದಲು ಮೂಡದಂತೆ ನುಣ್ಣಗೆ ಬೋಳಿಸುವುದು ಇಲ್ಲಿನ ಹಳೆಯ ಕ್ರಮ. ದೊಡ್ಡವರಾಗುವ ತನಕ ಜುಟ್ಟು ಬಿಡುವಂತಿಲ್ಲ. ಆ ಕೆಲಸದ ಮುದುಕ ಕಂಚುಕಿ ಗಾವೊ ಬಿಸಿಲಿನಲ್ಲಿ ಮಗುವನ್ನು ಮಣೆಯ ಮೇಲೆ ಕೂರಿಸಿಕೊಂಡು ಹಾಡು ಹೇಳುತ್ತಿದ್ದ. ಹಾಡು ನಡುವೆಯೇ ನಿಂತಿತು. ಪರದೆಯ ಆಚೆಗೆ ಬಂದು ಕೆಮ್ಮಿ, ಒಳಗಿದ್ದ ರಾಣಿಗೆ ವರದಿ ಒಪ್ಪಿಸಿದ.

"ಆಯ್ತು ತಾಯಿ. ಈ ಸಲ ನನ್ನ ಕತ್ತಿಗೆ ರಜ. ಹೋದ ಸಲ ಬೋಳಿಸಿದ ಮೇಲೆ ಒಂದೆಳೇನೂ ಬೆಳೆದಿಲ್ಲ, ಕೈಯಾಡಿಸಿದ್ರೆ ಮೊಟ್ಟೆ ಸವರಿದ ಹಾಗಿದೆ. ಇಷ್ಟು ವರ್ಷದಲ್ಲಿ ಹೀಗೆ ಕಂಡಿಲ್ಲ. ಚಿಕ್ಕದೊರೆ ಸನ್ಯಾಸಿ ಆಗ್ತಾರೋ ಏನೋ."

ಅವನು ತಾನೇ ನಕ್ಕು ಹೋದ.

ಯಾನ್ ರಾಣಿ ಸದ್ದಿಲ್ಲದೆ ಅಳುತ್ತಿದ್ದಳು. ಆಮೇಲೆ ಕಣ್ಣೊರೆಸಿಕೊಂಡು, ಚೌರಿಯನ್ನೆತ್ತಿ ಮತ್ತೆ ತಲೆಗೆ ಕಟ್ಟಿಕೊಂಡಳು. ಮುಡಿಕಡ್ಡಿಯನ್ನು ಫಾನ್ ದೇಯಿನ್ ಸಿಕ್ಕಿಸಿದಳು.

"ನಾನು ಹೇಳ್ತೀನಿ," ಎಂದಳು ಯಾನ್ ರಾಣಿ. "ಲೂ ಸಂಚಿ ಎತ್ಕೊಂಡಿದ್ದನ್ನ ನೋಡಿದೀನಿ ಅಂತ ಹೇಳ್ತೀನಿ. ಬಾಚಣಿಗೇಲಿರೋದು ನನ್ನ ಕೂದ್ಲು ಅಂತಾನೂ ಹೇಳ್ತೀನಿ. ಆ ಹುಡುಗಿ ಸಾಯಬಾರದು."

"ಹೇಳಿದ ತಕ್ಷಣ ಮಗು ಎಲ್ಲಿಗೆ ಹೋಗುತ್ತೆ?"

ತಾಯಿಯಿಲ್ಲದ ರಾಜಕುಮಾರನಿಗೆ ಅಜ್ಜಿಯ ಅರಮನೆಯಲ್ಲದೆ ಬೇರೆ ಮನೆಯಿಲ್ಲ. ಅಲ್ಲಿ ಬಟ್ಟಲು ಹೊತ್ತು ತರುವ ದೂರವೂ ಉಳಿಯುವುದಿಲ್ಲ.

ಸತ್ಯ ಹೇಳಿದರೆ ಸಾಂಗ್‌ಯೆ ಬದುಕುತ್ತಾಳೆ, ಮಗು ಹೋಗುತ್ತದೆ. ಹೇಳದಿದ್ದರೆ ಸಂಜೆಗೆ ಹಗ್ಗ. ಫಾನ್ ದೇಯಿನ್ ಎದ್ದು ಕಿಟಕಿಯ ಕಡೆ ತಿರುಗಿದಳು. ದೊರೆ ಬೇಟೆಗೆಂದು ಉತ್ತರಕ್ಕೆ ಹೋಗಿದ್ದರು. ಅವರು ಹಿಂದಿರುಗುವ ತನಕ ಈ ಗೋಡೆಗಳೊಳಗೆ ರಾಜಮಾತೆಯದೇ ಕೊನೆಯ ಮಾತು. ಫಾನ್ ದೇಯಿನ್‌ಗೆ ಬೇಕಾಗಿದ್ದುದು ಒಂದಿಷ್ಟು ಸಮಯ. ಎಲ್ಲಿಂದ ತರುವುದು?

ಹೊರಗೆ ಅಕ್ರೋಟು ಕಾಯಿಗಳು ಒಂದಕ್ಕೊಂದು ಉಜ್ಜುವ ಸದ್ದು ಕೇಳಿಸಿತು. ಅಂಗೈಯಲ್ಲಿ ಎರಡು ಅಕ್ರೋಟು ಹೊರಳಿಸುತ್ತಾ ನಡೆಯುವ ಅಭ್ಯಾಸ ಅರಮನೆಯಲ್ಲಿ ಹಿರಿಯ ಕಂಚುಕಿ ಲೂಗೆ ಮಾತ್ರ ಇತ್ತು.

ಅವನು ಜಗಲಿಯ ಕೆಳಗೆ ನಿಂತು ಬಗ್ಗಿ ವಂದಿಸಿದ. ನುಣುಪಾದ ಮುಖ, ಜೇನು ಸವರಿದ ದನಿ. ರಾಜಮಾತೆ ಬೆಳಗಿನ ಜಪ ಮುಗಿಸಿ ವಿಚಾರಣೆಯಮ್ಮನನ್ನು ನೆನಸಿಕೊಂಡರೆಂದೂ, ಸತ್ತ ಸೊಸೆಗೆ ಶಾಂತಿ ಸಿಗದಿರುವುದಕ್ಕೆ ಅವರಿಗೆ ನಿದ್ದೆಯಿಲ್ಲವೆಂದೂ, ಹಗ್ಗ ಸಿದ್ಧವಾಗಿದೆಯೆಂದೂ ಹೇಳಿದ. ಏನಾದರೂ ಗೊತ್ತಾಯಿತೇ ಎಂದು ಕೇಳಿದ. ಗೊತ್ತಾಗದಿದ್ದರೂ ಬೇಸರವಿಲ್ಲ, ಕೈಲಾದಷ್ಟು ಮಾಡಿದ್ದೀರಿ, ಎಂದೂ ಸೇರಿಸಿದ. ಮಾತಿನುದ್ದಕ್ಕೂ ಅಕ್ರೋಟುಗಳು ಉರುಳುತ್ತಿದ್ದವು.

ಫಾನ್ ದೇಯಿನ್ ತನ್ನ ಜೀವಮಾನದಲ್ಲಿ ಸತ್ತವರ ಹೆಸರಿನಲ್ಲಿ ಸುಳ್ಳು ಹೇಳಿದವಳಲ್ಲ. ಹಾಗೆ ಹೇಳಿದವರ ನಾಲಿಗೆಗೆ ಕೆಳಲೋಕದಲ್ಲಿ ಏನಾಗುತ್ತದೆಂದು ಅವಳ ಅಪ್ಪ ರಾಗವಾಗಿ ಹಾಡುತ್ತಿದ್ದ ಪಂಕ್ತಿಗಳು ಇವತ್ತಿಗೂ ಕಿವಿಯಲ್ಲಿದ್ದವು. ಅವಳು ಪೂಜೆಯ ಮನೆಯ ಕಡೆ ಒಮ್ಮೆ ನೋಡಿ, ಮನಸ್ಸಿನಲ್ಲೇ ಕ್ಷಮೆ ಕೇಳಿದಳು.

"ಗೊತ್ತಾಯ್ತು ಲೂ ಯಜಮಾನರೇ. ಕೂದಲು ಮೆಂಗ್ ರಾಣಿಯವರದೇ. ಬೆಳಿಗ್ಗೆ ಬಂದಿದ್ರು. ನಾನು ಬಾಗಿಲ ಈಚೆ ನಿಂತು ಕೇಳಿಸ್ಕೊಂಡೆ."

"ಏನಂದ್ರು?"

"ಸಂಚಿ ಹುಡುಗಿ ಹತ್ರ ಇಲ್ಲವಂತೆ. ಯಾರ ತೋಳಿನೊಳಗೆ ಹೋಯ್ತು ಅಂತ ಅವರಿಗೆ ಗೊತ್ತಂತೆ."

ಅಕ್ರೋಟುಗಳು ನಿಂತವು.

ಒಂದು ಉಸಿರಿನಷ್ಟು ಹೊತ್ತು ಮಾತ್ರ. ಆದರೆ ನಿಂತವು. ಅವಳ ಕಿವಿಗೆ ಅಷ್ಟು ಸಾಕಾಗಿತ್ತು.

"ಹೆಸರು?"

"ಹೇಳ್ಲಿಲ್ಲ. ಇವತ್ತು ಸಂಜೆ ನಗಾರಿ ಆದ್ಮೇಲೆ ರಾಜಮಾತೆಯವರ ಎದುರಿಗೇ ಹೇಳ್ತಾರಂತೆ. ಅಷ್ಟರೊಳಗೆ ಹುಡುಗೀನ ಕೊಂದ್ರೆ, ಕದ್ದವರ ಮನೆಗೇ ಬಂದು ಇರ್ತೀನಿ ಅಂದ್ರು."

ಲೂ ನಗಬಹುದೆಂದು ಅವಳು ಕಾದಳು. ಅವನು ನಗಲಿಲ್ಲ. ಮುದ್ರೆ ಹರಿದ ಬಾಗಿಲನ್ನೂ, ಆ ಕಡೆಯ ಕತ್ತಲನ್ನೂ ನೋಡಿದ. ಅವನ ಎಡಗೈ ತನ್ನ ಅಂಗಿಯ ಬಲತೋಳನ್ನು ಒತ್ತಿ ಹಿಡಿದಿದ್ದು ಅವನಿಗೇ ಗೊತ್ತಿರಲಿಲ್ಲ. ಕೊನೆಗೆ, ಹಾಗಿದ್ದರೆ ಹಗ್ಗ ನಾಳೆಗಾದೀತು ಎಂದ. ರಾಜಮಾತೆಯೇ ಇಲ್ಲಿಗೆ ಬಂದು ಕೇಳುವಂತೆ ಏರ್ಪಾಡು ಮಾಡುವುದಾಗಿ ಒಪ್ಪಿಕೊಂಡ.

ಫಾನ್ ದೇಯಿನ್‌ಗೆ ಬೆಳಗಿನಿಂದ ಮೊದಲ ಸಲ ಉಸಿರು ಸರಾಗವಾಯಿತು. ಸಾಂಗ್‌ಯೆ ಇವತ್ತು ಸಾಯುವುದಿಲ್ಲ.

ಲೂ ಹಿಂದಿರುಗಿ ಹೊರಟವನು ಅಂಗಳದ ನಡುವೆ ನಿಂತ. ಮಣೆಯ ಪಕ್ಕ ನೀರಿನಲ್ಲಿ ಕೈಯಾಡಿಸುತ್ತಾ ಕುಳಿತಿದ್ದ ಮಗುವಿನ ಎದುರಿಗೆ ಮೆಲ್ಲಗೆ ಕುಕ್ಕರುಗಾಲಿನಲ್ಲಿ ಕುಳಿತ. ಅಕ್ರೋಟುಗಳು ಮತ್ತೆ ಉರುಳತೊಡಗಿದವು.

"ನಿಮಗೆ ನಾನು ಹೇಳಿಕೊಡೋ ಹಾಗಿಲ್ಲ ವಿಚಾರಣೆಯಮ್ಮ," ಎಂದ, ತಲೆಯೆತ್ತದೆ. "ಸತ್ತ ತಾಯಿ ಬಂದುಹೋಗೋ ಮನೇಲಿ ಹೆತ್ತ ಮಗು ಇರಬಾರದು. ಕೈ ಹಿಡ್ಕೊಂಡು ಹೋಗಿಬಿಡ್ತಾರೆ. ನೀವೇ ಕೇಳಿಸ್ಕೊಂಡಿದೀರಿ ಅಂದ್ಮೇಲೆ ನಾನು ಬಿಟ್ಟು ಹೋದ್ರೆ ರಾಜಮಾತೆ ನನ್ನ ಚರ್ಮ ಸುಲೀತಾರೆ."

ಒಳಗೆ ಯಾನ್ ರಾಣಿ ಎದ್ದ ಸದ್ದಾಯಿತು. ಏನೋ ಬಿದ್ದು ಒಡೆಯಿತು.

ತಡೆಯಲು ಫಾನ್ ದೇಯಿನ್ ಮಾತು ಹುಡುಕಿದಳು. ದೆವ್ವವಿಲ್ಲ ಎಂದರೆ ಹಗ್ಗ ಇಂದೇ. ಇದೆ ಎಂದರೆ ಮಗು ಈಗಲೇ. ಅವಳ ನಾಲಿಗೆ ಬಾಯಿಯಲ್ಲಿ ಬೇರೆ ಯಾರದೋ ಮಾಂಸದ ತುಂಡಿನಂತೆ ಬಿದ್ದಿತ್ತು.

ಲೂ ಮಗುವನ್ನು ಎತ್ತಿ ಹೆಗಲಿಗೆ ಒರಗಿಸಿಕೊಂಡಿದ್ದ. ಮಗು ಹಟ ಮಾಡಲಿಲ್ಲ. ಅವನ ಹೆಗಲ ಮೇಲಿನಿಂದ ತಾಯಿಯ ಬಾಗಿಲನ್ನೇ ನೋಡುತ್ತಿತ್ತು.

"ಅಮ್ಮ ಸಂಜೆ ಬಂದು ಮಾತಾಡ್ತಾಳಾ?"

"ಮಾತಾಡ್ತಾರಂತೆ, ಚಿಕ್ಕದೊರೆ." ಲೂ ಬಾಗಿಲು ದಾಟುತ್ತಾ ಅದರ ಬೆನ್ನು ತಟ್ಟಿದ. "ಅಲ್ಲೀವರೆಗೆ ಅಜ್ಜಿ ಹತ್ರ ಊಟ ಮಾಡ್ಕೊಂಡಿರೋಣ."